ಹೇಳಿಕೊಂಡು ಅಳುತ್ತಿದ್ದ ಮಾವ

ಎದುರುಮನೆ ಮಾವನ ಮುಂಗೈ ತುಂಬ ಕಡಲೆಬೀಜದ ಗಾತ್ರದ ಬಿಳಿ ಕಲೆಗಳಿದ್ದವು. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಸಿಡಿದು ಆದ ಕಲೆಗಳು. ಬೆಲ್ಲ ಕಾಯಿಸುವವರ ಕೈ ಎಲ್ಲರದೂ ಹಾಗೇ ಇರುತ್ತದೆ. ಆದರೆ ಮಾವನ ಮಣಿಕಟ್ಟಿನ ಸುತ್ತ ಇನ್ನೊಂದು ಗುರುತೂ ಇತ್ತು, ದಪ್ಪ ಕೈಗೆ ಗಾಜಿನ ಬಳೆ ತುರುಕಿ ತುರುಕಿ ಬಿದ್ದ ಗೀರು. ನಾಟಕದಲ್ಲಿ ಉದ್ದ ತೋಳಿನ ಕುಪ್ಪಸ ತೊಟ್ಟು ಆ ಕಲೆಗಳನ್ನು ಮುಚ್ಚಿಕೊಳ್ಳುತ್ತಿದ್ದರು, ಮಾರನೇ ದಿನ ಆಲೆಮನೆಯಲ್ಲಿ ಕೈಗೆ ಟವೆಲ್ಲು ಸುತ್ತಿಕೊಂಡು ಈ ಗೀರನ್ನು.

ಹೊನ್ನೂರಿನಲ್ಲಿ ನಮ್ಮ ಬಾಗಿಲು ತೆಗೆದರೆ ಅವರ ಬಾಗಿಲು. ರಕ್ತಸಂಬಂಧವೇನಿಲ್ಲ, ಬೀದಿಯ ಸಂಬಂಧಕ್ಕೆ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ನಮ್ಮೂರಿನ ನಾಟಕದ ತಂಡದಲ್ಲಿ ಆಗ ಎಲ್ಲರೂ ಗಂಡಸರೇ. ಹಾರ್ಮೋನಿಯಂ ಬಾರಿಸುತ್ತಿದ್ದ ಪೇಟಿ ಮೇಷ್ಟ್ರು ತಾವೇ ಒಂದು ನಾಟಕ ಕಟ್ಟಿದ್ದರು. ದೊರೆ ಯುದ್ಧದಲ್ಲಿ ಸಾಯುತ್ತಾನೆ, ರಾಣಿ ಅವನ ಹೆಣದ ಮುಂದೆ ಕೂತು ಅಳುತ್ತಾಳೆ. ಕಥೆಯಲ್ಲಿ ಬೇರೆ ಏನೇನೋ ಇತ್ತು, ಆದರೆ ಜನ ಬರುತ್ತಿದ್ದದ್ದು ಆ ಅಳುವಿನ ಸೀನಿಗೆ. ರಾಣಿ ನಮ್ಮ ಮಾವ. ಅಜ್ಜೀಪುರದ ಕಡೆಯ ಹಳ್ಳಿಗಳಿಗೂ ತಂಡವನ್ನು ಕರೆಸುತ್ತಿದ್ದರು. ಲಾರಿ ಊರೊಳಗೆ ನುಗ್ಗುತ್ತಿದ್ದಂತೆ ಹೆಂಗಸರು ಕೇಳುತ್ತಿದ್ದ ಮೊದಲ ಮಾತು, "ರಾಣಿ ಬಂದವ್ಳಾ?"

ನಮ್ಮ ಕಡೆ ಅಪ್ಪನೋ ಅವ್ವನೋ ತೀರಿಕೊಂಡಾಗ ಗಂಡಸರು ಮೀಸೆ ತೆಗೆಸುತ್ತಾರೆ. ಮಾವನಿಗೆ ವರ್ಷವಿಡೀ ಮೀಸೆ ಇರುತ್ತಿರಲಿಲ್ಲ. ಗುರುತಿಲ್ಲದವರು ಬಸ್ಸಿನಲ್ಲಿ ಅನುಕಂಪದಿಂದ ಕೇಳುವುದು, "ಯಾರ್ ಓಗ್ಬುಟ್ರು ಸಾ?" ಮಾವ ಮುಖ ಸಪ್ಪಗೆ ಮಾಡಿಕೊಂಡು, "ಇನ್ನೂ ಓಗಿಲ್ಲ ಕಣ್ರಿ. ದೊರೆ ಸಾಯದು ಸಾಯಂಕಾಲುಕ್ಕೆ, ಬನ್ನಿ" ಅನ್ನುವುದು.

ಅವರು ಅಳು ಕಲಿತದ್ದು ಸಾವಿನ ಮನೆಗಳಲ್ಲಿ. ನಮ್ಮಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ತಿಂದದ್ದು, ಕೊಟ್ಟದ್ದು, ಬಿಟ್ಟು ಹೋದದ್ದು ಎಲ್ಲವನ್ನೂ ರಾಗವಾಗಿ ಹೇಳುತ್ತಾರೆ. ಗಂಡಸರು ಜಗಲಿಯ ಮೇಲೆ ಬಾಯಿಗೆ ಟವೆಲ್ಲು ಒತ್ತಿಕೊಂಡು ಕೂರಬೇಕು, ಅದು ಅವರ ಪಾಲು. ಮಾವ ಮಾತ್ರ ಜಗಲಿಗೂ ಒಳಗೂ ಸೇರದೆ ಹೊಸಿಲ ಪಕ್ಕ ಕೂತು ಕಿವಿ ಕೊಡುತ್ತಿದ್ದರು. "ಇವ್ನು ಸಾವಿಗೆ ಬತ್ತಾನೋ, ಪಾಠುಕ್ಕೆ ಬತ್ತಾನೋ" ಎಂದು ನನ್ನ ಅಜ್ಜಿ ಬಯ್ಯುತ್ತಿದ್ದಳು. ಬಂದದ್ದು ಪಾಠಕ್ಕೇ. ಒಮ್ಮೆ ನನಗೇ ಬಿಡಿಸಿ ಹೇಳಿದ್ದರು.

"ನೋಡು ಕೂಸೇ, ಎಂಗಸ್ರು ಮೊದ್ಲು ಕರೀತಾರೆ. ಆಮೇಲೆ ಕೇಳ್ತಾರೆ, ಯಾಕ್ ಓದೆ, ಎಲ್ಲಿಗ್ ಓದೆ ಅಂತ. ಕೊನೇಲಿ ಬೈತಾರೆ. ಬಯ್ಯಕ್ಕೆ ಸುರು ಮಾಡುದ್ರು ಅಂದ್ರೆ ತಿಳ್ಕೊ, ಅದು ದಿಟವಾದ್ ಅಳು."

ಹೂಗ್ಯಂ ಕಡೆ ತಮಿಳರ ತಂಡವೊಂದು ಬೀದಿನಾಟಕ ಆಡುತ್ತದೆ, ಅಲ್ಲೂ ಗಂಡಸೇ ರಾಣಿ ಎಂದು ಯಾರೋ ಹೇಳಿದ್ದಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗಿ ಬಂದರು. ಮಾವನಿಗೆ ತಮಿಳು ಬರುತ್ತಿದ್ದದ್ದು ಊಟ ಆಯ್ತಾ ಎಂದು ಕೇಳುವ 'ಸಾಪ್ಟಿಯಾ' ಅನ್ನುವಷ್ಟೇ. ವಾಪಸು ಬಂದು ಎರಡು ದಿನ ಅದೇ ಮಾತು. "ಅವ್ರು ಅಳಕ್ಕೆ ಒಪ್ಪಾರಿ ಅಂತಾರಂತೆ. ಎದೆ ಬಡ್ಕಂಡ್ ಅಳ್ತಾನೆ ಮಾರಾಯ. ಮಾತ್ ಒಂದೂ ತಿಳೀನಿಲ್ಲ, ಅಳು ಪೂರಾ ತಿಳೀತು." ಆ ತಮಿಳು ರಾಣಿಯೂ ಹಗಲು ರಾಗಿ ಹೊಲದಲ್ಲಿ ಕಳೆ ಕೀಳುವವನಂತೆ. ಇಬ್ಬರು ರಾಣಿಯರೂ ಕೂತು ಬೀಡಿ ಸೇದಿದರಂತೆ.

ಅತ್ತೆ ಮಾತು ಕಡಿಮೆಯ ಹೆಂಗಸು. ಮಕ್ಕಳಾಗಲಿಲ್ಲ. ಸೀರೆ ಉಡುವ ಗಂಡಸಿಗೆ ಮಕ್ಕಳು ಎಲ್ಲಿಂದ ಎಂದು ನಲ್ಲಿಯ ಹತ್ತಿರ ಒಬ್ಬಾಕೆ ಆಡಿಕೊಂಡಾಗ ಅತ್ತೆ ಕೊಡ ಎತ್ತಿಕೊಳ್ಳುತ್ತಾ, "ಸೀರೆ ಉಡದು ಅವ್ರು, ಒಟ್ಟೆ ಉರ್ಕಳದು ನೀವು. ಎಂಗವ್ವ ಅದು?" ಎಂದದ್ದನ್ನು ನಾನೇ ಕೇಳಿದ್ದೇನೆ. ಪ್ರತಿ ನಾಟಕಕ್ಕೂ ಬಂದು ಹೆಂಗಸರ ಸಾಲಿನಲ್ಲಿ ಮುಂದೆ ಕೂರುತ್ತಿದ್ದಳು. ದೊರೆ ಸತ್ತಾಗಲೆಲ್ಲ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು.

ನಾನು ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಿದ್ದಾಗ ಅತ್ತೆ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಕಾಲೇಜಿನಿಂದ ಬಂದವಳು ಪುಸ್ತಕದ ಚೀಲ ಹೆಗಲಲ್ಲಿದ್ದಂತೆಯೇ ಅವರ ಅಂಗಳದಲ್ಲಿ ನಿಂತೆ. ಮಾವ ಜಗಲಿಯ ಮೇಲೆ ಗಂಡಸರ ನಡುವೆ ಟವೆಲ್ಲು ಒತ್ತಿಕೊಂಡು ಕೂತಿದ್ದರು. ಹೆಣವನ್ನು ಅಂಗಳಕ್ಕೆ ತಂದು ಹೂವು ಇಟ್ಟಾಗ ಟವೆಲ್ಲು ಬಿಸಾಡಿ ಎದ್ದು ಬಂದರು. ಹೆಂಗಸರನ್ನು ಸರಿಸಿ ತಲೆಯ ಹತ್ತಿರ ಕೂತರು. ಬಾಯಿ ತೆರೆದರು.

"ನನ್ ದೊರೆಯೇ... ನನ್ ತಾಳಿ ಭಾಗ್ಯವೇ... ನನ್ ಯಾರ್ ಕೈಗೆ ಒಪ್ಸಿ ಓದ್ಯೋ..."

ರಾಣಿಯ ದನಿ. ರಾಣಿಯದೇ ರಾಗ, ಅದೇ ಮಾತು. ಸತ್ತು ಮಲಗಿರುವ ಹೆಂಡತಿಯನ್ನು ಗಂಡ ತನ್ನ ತಾಳಿ ಭಾಗ್ಯವೇ ಎಂದು ಕರೆಯುತ್ತಿದ್ದಾನೆ.

ನಾನು ನಕ್ಕುಬಿಟ್ಟೆ. ಅದು ಹೇಗೆ ಬಂತೋ ಗೊತ್ತಿಲ್ಲ, ಮೂಗಿನಿಂದ ನುಗ್ಗಿ ಬಂತು. ಕೈ ಅಡ್ಡ ಇಟ್ಟುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದವಳಿಗೆ ಅಂಟಿತು, ಅಲ್ಲಿಂದ ಹಿಂದಕ್ಕೆ ಹೋಯಿತು. ಹಿಂದಿನಿಂದ ಒಬ್ಬ, "ಲೇ, ನಾಟ್ಕ ಸುರುವಾಯ್ತು ಕಣ್ಲಾ" ಎಂದ. ಮಾವ ಅರ್ಧ ಸಾಲಿಗೇ ನಿಲ್ಲಿಸಿದರು. ಬಾಯಿ ತೆರೆದೇ ಇತ್ತು. ಒಂದು ಸಲ ನಮ್ಮ ಕಡೆ ನೋಡಿ, ಬಿಸಾಡಿದ್ದ ಟವೆಲ್ಲನ್ನು ಹುಡುಕಿ ಎತ್ತಿಕೊಂಡು ಜಗಲಿಗೆ ಹೋಗಿ ಕೂತರು. ಮಣ್ಣು ಹಾಕಿ ಬರುವಾಗಲೂ ಆ ಟವೆಲ್ಲು ಬಾಯಿಗೇ ಇತ್ತು.

ಆಮೇಲೆ ಅವರು ರಾಣಿಯ ಪಾರ್ಟು ಮಾಡಲಿಲ್ಲ. ಪೇಟಿ ಮೇಷ್ಟ್ರು ಮನೆಗೆ ಬಂದು ಕೈ ಹಿಡಿದು ಕೇಳಿದರೂ, "ಬ್ಯಾಡಿ ಮೇಷ್ಟ್ರೇ, ಅಳು ಓಗ್ಬುಡ್ತು" ಎಂದರು, ಅಷ್ಟೇ. ತಂಡದವರು ಪೇಟೆಯಿಂದ ಕಂಟ್ರಾಕ್ಟಿನ ಮೇಲೆ ಒಬ್ಬ ಕಲಾವಿದೆಯನ್ನು ಕರೆಸಿದರು. ಆಕೆ ಚೆನ್ನಾಗಿ ಹಾಡುತ್ತಿದ್ದಳು, ನೋಡಲೂ ಚೆನ್ನಾಗಿದ್ದಳು. ಸಿನಿಮಾದವರ ಹಾಗೆ ಮೈಕಿಗೆ ಬಾಯಿ ಕೊಟ್ಟು ಬಿಕ್ಕುತ್ತಿದ್ದಳು. ಎಲ್ಲ ಊರಲ್ಲೂ ಹೀಗೇ ಆಯಿತು. ಹೆಂಗಸರ ಪಾರ್ಟು ಹೆಂಗಸರಿಗೆ ಸಿಕ್ಕಿದ್ದು ನ್ಯಾಯವೇ, ನಾನು ಅದಕ್ಕೆ ಬೇಸರ ಮಾಡಿಕೊಳ್ಳುವವಳಲ್ಲ. ಮಾವನೂ ಮಾಡಿಕೊಳ್ಳಲಿಲ್ಲ. ಮೀಸೆ ಬಿಟ್ಟರು. ಅದು ಹುಟ್ಟುವಾಗಲೇ ಬೆಳ್ಳಗೆ ಹುಟ್ಟಿತು.

ನಾನು ಕೊಳ್ಳೇಗಾಲದಲ್ಲಿ ಹೈಸ್ಕೂಲು ಟೀಚರಾದೆ, ಮದುವೆಯಾದೆ, ಅಲ್ಲೇ ನಿಂತೆ. ಊರಿಗೆ ಹೋದಾಗಲೆಲ್ಲ ಎದುರುಮನೆಗೆ ಹೋಗುತ್ತಿದ್ದೆ, ಆ ನಗುವಿನ ಮಾತು ಮಾತ್ರ ನಾಲಿಗೆ ತುದಿಗೆ ಬಂದು ವಾಪಸು ಹೋಗುತ್ತಿತ್ತು. ಅದರ ಬದಲು ಏನೇನೋ ಹೇಳುತ್ತಿದ್ದೆ. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಗಂಡಸರೇ ರಾಣಿ ಪಾರ್ಟು ಮಾಡುತ್ತಿದ್ದರು, ಜಪಾನಿನಲ್ಲಿ ಈಗಲೂ ಅದನ್ನೇ ತಲೆಮಾರಿನ ವಿದ್ಯೆ ಮಾಡಿಕೊಂಡ ಮನೆತನಗಳಿವೆ ಎಂದು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಮಾವ ಬೀಡಿ ಆರಿಸಿ ಕೇಳಿಸಿಕೊಂಡರು. "ಅಂಗಾ? ಅವ್ರ ಎಂಡ್ರು ಏನಂತಾರಂತೆ?" ಪುಸ್ತಕದಲ್ಲಿ ಅದು ಇರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. ಹುಡುಗನೊಬ್ಬ ಸೀರೆ ಉಟ್ಟು ಅತ್ತೆ ಸೊಸೆ ಜಗಳ ಆಡುತ್ತಾನೆ, ಲಕ್ಷಾಂತರ ಜನ ನೋಡುತ್ತಾರೆ. ಮಾವ ಕೊನೆಯವರೆಗೂ ನೋಡಿ, "ನೆರಿಗೆ ಚೆಂದಾಗ್ ಇಡ್ದವ್ನೆ" ಎಂದರು. ಮೊಬೈಲು ನನ್ನ ಕೈಗೆ ವಾಪಸು ಕೊಡುತ್ತಾ, "ಇವ್ರು ನಗ್ಸಕ್ಕೆ ಉಡ್ತಾರೆ. ನಾವು ಅಳ್ಸಕ್ಕೆ ಉಡ್ತಿದ್ವಿ" ಎಂದರು. ದೂರಿನ ದನಿಯಲ್ಲಲ್ಲ. ಆದರೂ 'ನಗು' ಎಂಬ ಮಾತು ಬಂದದ್ದೇ ನನಗೆ ಕೂರಲಾಗಲಿಲ್ಲ.

ಹೋದ ವರ್ಷ ಅವರ ಎದೆ ಕೆಟ್ಟಿತು. ಆಲೆಮನೆಯ ಹೊಗೆ ಕುಡಿದ ಎದೆ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು, ತಮ್ಮನ ಮಗನ ಸಂಸಾರ ಬಂದು ಜೊತೆಗಿತ್ತು. ಒಂದು ಭಾನುವಾರ ಮಧ್ಯಾಹ್ನ ಹೋದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಜಿ ಕುಡಿಸಿ, ಲೋಟ ಕೆಳಗಿಟ್ಟು ಹೇಳಿಬಿಟ್ಟೆ.

"ಮಾವ, ಅತ್ತೆ ಓದಾಗ ಮೊದ್ಲು ನಕ್ಕಿದ್ದು ನಾನು."

"ಗೊತ್ತು ಕಣ್ ಕೂಸೇ. ನಿನ್ನ ನಗು ನಂಗೊತ್ತಿಲ್ವಾ?"

ನಾನು ಅವರ ಮುಖ ನೋಡಲಿಲ್ಲ. ಅವರೇ ಉಸಿರು ಎಳೆದು ಎಳೆದು ಮಾತಾಡಿದರು. "ನಗ್ದೆ ಇನ್ನೇನ್ ಮಾಡೀಯೆ? ಎಂಡ್ತಿ ಎಣದ್ ಮುಂದೆ ಕೂತ್ಕಂಡು ದೊರೆಯೇ ಅಂದ್ರೆ ನಗ್ದೆ ಇರ್ತಾರಾ? ನಂಗೆ ಬತ್ತಿದ್ದದ್ದು ಅದೊಂದೇ ಅಳು. ಗಂಡ ಸತ್ರೆ ಎಂಡ್ತಿ ಅಳಕ್ಕೆ ಪದ ಅವೆ. ಅವ್ವ ಸತ್ರೆ ಮಗಳು ಅಳಕ್ಕೆ ಅವೆ. ಎಂಡ್ತಿ ಸತ್ರೆ ಗಂಡ ಅಳಕ್ಕೆ ನಮ್ಮಲ್ಲಿ ಒಂದ್ ಪದವೂ ಇಲ್ಲ ಕಣವ್ವ. ಎಲ್ಲಾ ಸಾವಿನ್ ಮನೇಲೂ ಕೇಳಿವ್ನಿ. ಇಲ್ಲ."

ಕೆಮ್ಮು ಬಂತು. ನೀರು ಕೊಟ್ಟೆ. ಆಮೇಲೆ ನಾಚಿಕೊಂಡವರ ಹಾಗೆ ಗೋಡೆ ಕಡೆ ತಿರುಗಿ, "ನಾನೇ ಒಂದ್ ಮಾಡ್ಕಂಡಿವ್ನಿ. ನಾಕೇ ಸಾಲು. ಕೇಳೀಯಾ?" ಎಂದರು.

ಈ ಸಲ ರಾಣಿಯ ದನಿ ಇರಲಿಲ್ಲ. ಮುದುಕ ಗಂಡಸಿನ ಒಡಕು ದನಿ. ಮೊದಲು ಅತ್ತೆಯ ಹೆಸರು ಹಿಡಿದು ಕರೆದರು. ಅವಳು ಬದುಕಿದ್ದಾಗ 'ಇವಳೇ' ಎಂದಲ್ಲದೆ ಬೇರೆ ರೀತಿ ಕೂಗಿದವರಲ್ಲ. ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು, ಅದು ಅವರಿಬ್ಬರದೇ ಆಗಿರಲಿ ಎಂದು ಇಲ್ಲಿ ಬರೆಯುವುದಿಲ್ಲ.

"ನಂಗ್ ಒಸಾ ಸೀರೆ ಉಡುಸ್ದೋಳೇ,
ನೀ ಅಳೇದುಟ್ಟು ಮುಂದೆ ಕೂತೋಳೇ,
ಸುಳ್ ದೊರೆಗೆ ದಿಟದ್ ಕಣ್ಣೀರ್ ಕೊಟ್ಟೋಳೇ,
ನಂಗೊಂದ್ ಅಳ್ ಕಲುಸ್ದೆ ಓದ್ಯಲ್ಲೇ ಕಳ್ಳೀ..."

ಬಯ್ಯುವಲ್ಲಿಗೆ ಬಂದಿದ್ದರು. ಅಷ್ಟು ವರ್ಷ ರಾಣಿಯ ಸೀರೆಯನ್ನು ಕಣ್ಣು ತುಂಬ ನೋಡಿದ್ದೆ, ಅತ್ತೆ ಉಟ್ಟು ಕೂರುತ್ತಿದ್ದ ಹಳೇ ಸೀರೆಯನ್ನು ಒಮ್ಮೆಯೂ ನೋಡಿರಲಿಲ್ಲ. ಮಾವ ಆ ನಾಲ್ಕು ಸಾಲನ್ನೇ ಮೂರು ಸಲ ಹೇಳಿಕೊಂಡು ಅತ್ತರು. ನಾನು ಅವರ ಕಾಲು ಹಿಡಿದುಕೊಂಡು ಕೂತಿದ್ದೆ. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಆಯ್ತು ಬುಡು. ಓಗು ಇನ್ನ, ಬಸ್ಸು ತಪ್ಪೋಯ್ತದೆ" ಎಂದರು.

ಹದಿನೈದು ದಿನಕ್ಕೆ ಫೋನು ಬಂತು. ನಾನು ಹೋಗುವ ಹೊತ್ತಿಗೆ ಬಾಡಿಗೆಯ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿಸಿದ್ದರು, ಸ್ಪೀಕರಿನಲ್ಲಿ ಭಜನೆ ಹಾಕಿದ್ದರು. ಹೇಳಿಕೊಂಡು ಅಳುವ ಮುದುಕಿಯರು ಬೀದಿಯಲ್ಲಿ ಯಾರೂ ಉಳಿದಿಲ್ಲ. ಹೆಂಗಸರು ಪೆಟ್ಟಿಗೆಯ ಗಾಜು ಮುಟ್ಟಿ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ನಾನು ತಲೆಯ ಹತ್ತಿರ ಕೂತು ಬಾಯಿ ತೆರೆದೆ. ಏನೂ ಬರಲಿಲ್ಲ. ರಾಣಿಯ ಅಳು ನನಗೆ ಬಾಯಿಪಾಠ, ಅದು ಗಂಡನಿಗೆ. ಆ ನಾಲ್ಕು ಸಾಲೂ ಬಾಯಿಪಾಠ, ಅದು ಅತ್ತೆಗೆ. ಮಗಳಲ್ಲದವಳು, ನಂಟಸ್ತಿಕೆ ಇಲ್ಲದವಳು, ಅಳಬೇಕಾದ ದಿನ ನಕ್ಕವಳು, ಇಂಥವಳು ಎದುರುಮನೆ ಮಾವನಿಗೆ ಅಳುವುದಕ್ಕೆ ನಮ್ಮಲ್ಲಿ ಒಂದು ಪದವೂ ಇಲ್ಲ. ಅದಕ್ಕೇ ಇಷ್ಟು ಬರೆದೆ.