ಅಂಗನವಾಡಿಯ ಹಳೆಯ ಶೀಟು

ಸಣ್ಣಯ್ಯನವರು ಇಪ್ಪತ್ತೆಂಟು ವರ್ಷ ಚಾವಣಿಗಳಿಗೆ ಸಿಮೆಂಟ್ ಶೀಟು ಹೊದಿಸಿದರು. ಶಾಂತಿಗ್ರಾಮದಿಂದ ಹಿರೀಸಾವೆಯವರೆಗೆ ಅವರು ಶೀಟು ಕೊಯ್ಯದ ಊರಿಲ್ಲ. ಆ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆ, ಕೊಯ್ದಾಗ ಏಳುವ ದೂಳು ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ ಎಂದು ಮಾರಿದವರು ಹೇಳಲಿಲ್ಲ, ಕೆಲಸ ಕೊಟ್ಟವರೂ ಹೇಳಲಿಲ್ಲ. ಸಂಜೆ ಅವರು ಬಿಚ್ಚಿಟ್ಟ ಅಂಗಿಯನ್ನು ಹೆಂಡತಿ ಜವರಮ್ಮ ಬಾಗಿಲಲ್ಲಿ ಕೊಡವಿ ಒಗೆಯುತ್ತಿದ್ದರು.

ಜವರಮ್ಮ ಕೆಮ್ಮಿ ಕೆಮ್ಮಿ ಸತ್ತರು. ಒಲೆಯ ಹೊಗೆ ಎಂದರು ಡಾಕ್ಟರು. ಆ ಮನೆಗೆ ಗ್ಯಾಸ್ ಬಂದು ಹನ್ನೆರಡು ವರ್ಷವಾಗಿತ್ತು. ಆಮೇಲೆ ಸಣ್ಣಯ್ಯನವರಿಗೂ ಉಸಿರು ಸಾಲದಾಯಿತು. ಬೀಡಿ ಬಿಡು ಎಂದರು. ಅವರು ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಆರು ವರ್ಷ ಅಲೆದ ಮೇಲೆ ಹಾಸನದಲ್ಲಿ ಪ್ರತಿಭಾ ಎಂಬ ಎಳೆಯ ವೈದ್ಯೆ, "ನೀವು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದಳು. ಅಷ್ಟು ಜನ ಓದಿದವರಲ್ಲಿ ಒಬ್ಬರ ಬಾಯಿಗೂ ಬಾರದ ಪ್ರಶ್ನೆ! ಗಂಡ ಹೆಂಡತಿ ಇಬ್ಬರ ಎದೆಗೂ ಸೇರಿದ್ದು ಶೀಟಿನ ದೂಳೆಂದು ತಿಳಿಸಿದವಳೂ ಅವಳೇ.

ಹೋದ ಏಪ್ರಿಲಿನಲ್ಲಿ ಅವರ ಕಾಲೊನಿಯ ಅಂಗನವಾಡಿಗೆ ಹಳೆಯ ಶೀಟು ತೆಗೆದು ಬಣ್ಣದ ತಗಡು ಹಾಕಿದರು. ತಗಡಿನಲ್ಲಿ ಕಲ್ನಾರಿಲ್ಲ, ಒಳ್ಳೆಯದೇ. ಆದರೆ ಗುತ್ತಿಗೆದಾರ ಶಿವಕುಮಾರ್ ಹಳೆಯ ಶೀಟುಗಳನ್ನು ಸುತ್ತಿಗೆಯಲ್ಲಿ ಒಡೆಸಿ, ಮಳೆಗೆ ಕೆಸರಾಗುವ ಅಂಗಳಕ್ಕೆ ತುಂಬಿಸಲು ಹೊರಟ. ಪುಕ್ಕಟೆ ಜಲ್ಲಿ ಸಿಕ್ಕಿತೆಂದು ಪಂಚಾಯಿತಿಯವರೂ ತಲೆಯಾಡಿಸಿದರು. ಮೊದಲ ಬುಟ್ಟಿ ಸುರಿದದ್ದೇ ತಡ, ರಜೆಯಲ್ಲಿದ್ದ ಹುಡುಗಿಯರು ಚೂರು ಆಯ್ದುಕೊಂಡು ಕುಂಟೆಬಿಲ್ಲೆಯ ಬಿಲ್ಲೆಗೆಂದು ಕಲ್ಲಿಗೆ ಉಜ್ಜುತ್ತಾ ಕುಳಿತರು. ಬೂದು ಪುಡಿ ಅವರ ಮಡಿಲಿಗೆ ಉದುರುತ್ತಿತ್ತು.

ಸಣ್ಣಯ್ಯನವರು ಏದುಸಿರು ಬಿಡುತ್ತಾ ಬಂದು ಮೊದಲು ಆ ಚೂರುಗಳನ್ನು ಕಿತ್ತುಕೊಂಡರು. ಆಮೇಲೆ ರಾಶಿಗೆ ಅಡ್ಡ ನಿಂತರು.

"ನಿಲ್ಸಿ ಸಾ. ಇದು ಇಸ. ಮಕ್ಳು ಆಡೋ ಜಾಗ."

"ಈ ಶೀಟ್ ಹಾಕ್ದೋನೇ ನೀನು ಕಣ್ಲಾ! ಆವಾಗ ಬಾಯ್ತುಂಬ ಕಡ್ಲೆಪುರಿ ಇತ್ತಾ?" ಎಂದ ಶಿವಕುಮಾರ್.

"ಆವಾಗ ನಂಗೆ ಗೊತ್ತಿರ್ನಿಲ್ಲ. ಈಗ ಏಳ್ತಾ ಇವ್ನಿ, ನಿಮ್ಗೂ ಗೊತ್ತಾಯ್ತು. ನಿಮ್ಮನೆ ಅಂಗ್ಳುಕ್ಕೆ ಆಕಿಸ್ಕತೀರಾ?"

ಶಿವಕುಮಾರ್ ನಕ್ಕ. ಸುತ್ತಿಗೆ ಹಿಡಿದಿದ್ದ ಚಲುವಯ್ಯ ನಗಲಿಲ್ಲ. "ಜವರಕ್ಕ ಸತ್ತಿದ್ದು ಇದ್ರಿಂದ್ಲೇನಣ್ಣ?" ಎಂದು ಕೇಳಿದ. ಸಣ್ಣಯ್ಯನವರು ಹೌದೆಂದು ತಲೆ ಆಡಿಸಿದರು. ಚಲುವಯ್ಯ ಸುತ್ತಿಗೆ ಕೆಳಗಿಟ್ಟ. ಉಳಿದ ಕೂಲಿಯವರೂ ಇಟ್ಟರು.

ಸಣ್ಣಯ್ಯನವರು ಹೇಳಿದಂತೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ರಾಶಿಗೆ ನೀರು ಚಿಮುಕಿಸಿ, ಚೂರೂ ಬಿಡದೆ ಟಾರ್ಪಾಲಿನಲ್ಲಿ ಸುತ್ತಿ, ತಗಡು ತಂದಿದ್ದ ಟ್ರ್ಯಾಕ್ಟರಿಗೆ ಹಾಕಿದರು. ಎಲ್ಲಿ ಹೂಳಬೇಕೆಂದು ಪಂಚಾಯಿತಿಯನ್ನು ಕೇಳಿದರೆ, ಅಂಥ ಜಾಗವಿಲ್ಲ, ಕೆರೆ ಪಕ್ಕ ಎಸೆಯಿರಿ ಎಂಬ ಉತ್ತರ ಬಂತು. ಸಣ್ಣಯ್ಯನವರು ಟ್ರ್ಯಾಕ್ಟರನ್ನು ಪಂಚಾಯಿತಿ ಕಚೇರಿಗೇ ಹೊಡೆಸಿ, ಬಾಗಿಲ ಮುಂದೆ ಇಳಿಸಿದರು.

ಮೂರು ತಿಂಗಳಾಯಿತು. ಕಾಲೊನಿಯ ಮಕ್ಕಳ ಕಾಲಡಿಗೆ ಇದನ್ನು ಹಾಸಲು ಒಪ್ಪಿದ್ದ ಸದಸ್ಯರು ಈಗ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಹೋಗುತ್ತಾರೆ. ಸಣ್ಣಯ್ಯನವರು ದಿನಾ ಬೆಳಿಗ್ಗೆ ಬಂದು, ಟಾರ್ಪಾಲು ಹರಿದಿಲ್ಲವೆಂದು ನೋಡಿ, ಮೆಟ್ಟಿಲ ಮೇಲೆ ಕುಳಿತು ಉಸಿರು ಸುಧಾರಿಸಿಕೊಂಡು ಕೇಳುತ್ತಾರೆ:

"ಜಾಗ ಸಿಕ್ತಾ ಸಾ?"