ಸಣ್ಣ ಬೆಟ್ಟಕ್ಕೆ ಮೂವರು

ಗೆಳತಿ ಫೋನಿನಲ್ಲಿ ಹೇಳಿದ ಬೆಟ್ಟವನ್ನು ಬೆಟ್ಟ ಎನ್ನುವುದೇ ಹೆಚ್ಚು. ಲಂಕೆಯ ಚಹಾ ತೋಟಗಳ ನಡುವೆ ಎದ್ದು ನಿಂತ ಒಂದು ದಿಬ್ಬ ಅದು. ಮಕ್ಕಳು ಚಪ್ಪಲಿಯಲ್ಲೇ ಹತ್ತುತ್ತಾರಂತೆ, ಹೊಸದಾಗಿ ಮದುವೆಯಾದವರು ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರಂತೆ.

"ನೀವಿಬ್ರೂ ಬನ್ನಿ," ಎಂದಳು. "ಅದನ್ನೂ ಹತ್ತೋಕಾಗ್ಲಿಲ್ಲ ಅಂದ್ರೆ ಬೂಟು ಯಾರಿಗಾದ್ರೂ ಕೊಟ್ಬಿಡ್ತೀನಿ. ಇನ್ಮೇಲೆ ಬೆಟ್ಟದ ಮಾತೇ ಬೇಡ."

ನಾವು ಮೂವರು ಭಾನುವಾರದ ಗೆಳೆಯರು. ಆಗ ಅವಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್, ಇನ್ನೊಬ್ಬ ಗೆಳೆಯ ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟ್ಟರ್, ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಸ್ಟೋರ್ಸ್‌ನಲ್ಲಿ. ವಾರವೆಲ್ಲ ಮೂರು ದಿಕ್ಕಿಗಿರುತ್ತಿದ್ದೆವು. ಭಾನುವಾರ ಬೆಳಕು ಹರಿಯುವ ಮುಂಚೆ ಬಸ್ಸು ಹಿಡಿದು ರಾಮನಗರದ ಬಂಡೆಗಳಿಗೋ ಸಾವನದುರ್ಗಕ್ಕೋ ಹೋಗುತ್ತಿದ್ದೆವು. ಹಗ್ಗ ಕಟ್ಟಿಕೊಂಡು ಮುಂದೆ ಹತ್ತುವವಳು ಅವಳು. ಕೊನೆಯಲ್ಲಿ ಅವನು. ಚಿತ್ರಾನ್ನದ ಡಬ್ಬಿ ಬೆನ್ನಿಗೆ ಹಾಕಿಕೊಂಡು ನಾನು ನಡುವೆ. ಆಮೇಲೆ ಅವಳ ಕಂಪನಿ ಅವಳನ್ನು ಲಂಕೆಯ ಕಾರ್ಖಾನೆಗೆ ಕಳಿಸಿತು, ಅವನು ಮಸ್ಕತ್ತಿಗೆ ಹೋದ, ನಾನು ಬೇಗೂರಿನಲ್ಲೇ ಉಳಿದೆ.

ಕಳೆದ ವರ್ಷ ಅವಳ ಒಳಕಿವಿಗೆ ಏನೋ ಆಯಿತು. ನಿಂತ ನೆಲ ದೋಣಿಯ ಹಾಗೆ ವಾಲುತ್ತಿತ್ತಂತೆ. ಒಂದು ದಿನ ಕಾರ್ಖಾನೆಯ ಮೆಟ್ಟಿಲ ಮೇಲಿಂದ ಬಿದ್ದಳು. ಈಗ ವಾಸಿಯಾಗಿದೆ, ನಡೀರಿ, ನಡೆದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದರೂ ಅವಳು ಇಳಿಜಾರಿನ ಮೇಲೆ ಕಾಲಿಡುವುದನ್ನೇ ಬಿಟ್ಟಿದ್ದಳು.

ಹೊರಡುವ ಮುಂಚೆ ನನ್ನ ಮಂಡಿಗಳನ್ನೂ ನಾನು ಕೇಳಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಹೊಸ ಅಪಾರ್ಟ್‌ಮೆಂಟೊಂದು ಎದ್ದಿತ್ತು, ಲಿಫ್ಟು ಇನ್ನೂ ಕೂರಿಸಿರಲಿಲ್ಲ. ಬೆಳಿಗ್ಗೆ ಹಾಲು ಕಾಯಿಸಿಟ್ಟು, ಅಕ್ಕಿ ನೆನೆಹಾಕಿ, ಅದರ ಮೆಟ್ಟಿಲು ಹತ್ತಿ ಇಳಿಯತೊಡಗಿದೆ. ವಾಚ್‌ಮನ್ ಹೆಂಡತಿ ಕೊಪ್ಪಳದ ಕಡೆಯವಳು. ಕೆಳಗೆ ತಗಡಿನ ಶೆಡ್ಡಿನ ಮುಂದೆ ರೊಟ್ಟಿ ತಟ್ಟುತ್ತಾ ನನ್ನನ್ನು ನೋಡುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಕೇಳಿದಳು.

"ದಿನಾ ಏರ್ತೀರಿ, ದಿನಾ ಇಳಿತೀರಿ. ಮ್ಯಾಲ ಏನ್ ಇಟ್ಟೀರ್ರೀ ಅಕ್ಕಾರ?"

"ಏನೂ ಇಲ್ಲಮ್ಮ. ಬೆಟ್ಟ ಹತ್ತೋಕೆ ಅಭ್ಯಾಸ. ಲಂಕೆಗೆ ಹೋಗ್ತಿದೀನಿ."

"ಗುಡ್ಡ ಏರಾಕ ಇಮಾನದಾಗ ಹೊಂಟೀರಿ?" ರೊಟ್ಟಿ ತಿರುವಿ ಹಾಕಿದಳು. "ನಮ್ಮೂರಾಗ ಗುಡ್ಡ ಮನಿ ಹಿಂದನ ಐತ್ರಿ. ಆಡು ಬಿಟ್ರ ಯಾರೂ ಹೋಗಂಗಿಲ್ಲ."

ಆ ತಾರಸಿಯ ಮೇಲೆ ನಿಂತರೆ ಕೆರೆಯ ಮೇಲಿನ ಮಂಜು ಕಾಣುತ್ತಿತ್ತು. ಅದರಾಚೆ ದೇವಸ್ಥಾನದ ಗೋಪುರ, ಇನ್ನೂ ಆಚೆ ಗಾಜಿನ ಕಟ್ಟಡಗಳು. ಮಂಜಿನಲ್ಲಿ ಎಲ್ಲವೂ ಒಂದೇ ಬಣ್ಣದವು, ಒಂದರ ಬುಡ ಇನ್ನೊಂದಕ್ಕೆ ಸೇರಿದಂತೆ. ಹೊಸೂರು ರಸ್ತೆಯ ಲಾರಿಗಳ ಸದ್ದು ಎಲ್ಲೋ ನೀರು ಬೀಳುತ್ತಿರುವ ಹಾಗೆ ಕೇಳುತ್ತಿತ್ತು. ಉಸಿರು ಹತೋಟಿಗೆ ಬರುವವರೆಗೆ ಅಲ್ಲೇ ನಿಲ್ಲುತ್ತಿದ್ದೆ. ಸೂರ್ಯ ಮೇಲೆ ಬಂದು ನೀರಿನ ಟ್ಯಾಂಕುಗಳು ಬೇರೆ ಬೇರೆಯಾಗಿ ಕಾಣತೊಡಗಿದರೆ ಇಳಿಯುವ ಹೊತ್ತು, ಅನ್ನಕ್ಕಿಡುವ ಹೊತ್ತು.

ಕೊಲಂಬೊ ವಿಮಾನ ನಿಲ್ದಾಣದಲ್ಲಿ ಅವಳು ಕಂಬವೊಂದಕ್ಕೆ ಒರಗಿ ನಿಂತಿದ್ದಳು. ಅವಳು ಹೀಗೆ ಒರಗಿ ನಿಂತದ್ದನ್ನು ನಾನು ಹಿಂದೆ ನೋಡಿದ್ದೇ ಇಲ್ಲ. ಗೆಳೆಯ ಮಸ್ಕತ್ತಿನಿಂದ ನನಗಿಂತ ಮುಂಚೆಯೇ ಬಂದಿಳಿದಿದ್ದ. ಅವನ ತಲೆಯಲ್ಲಿ ಕೂದಲು ಹೆಚ್ಚೇನೂ ಉಳಿದಿರಲಿಲ್ಲ.

"ಸಮುದ್ರ ಹಾರ್ಕೊಂಡು ಬಂದ್ಬಿಟ್ಯಲ್ಲೋ," ಎಂದು ಅವಳು ಅವನನ್ನು ಕೆಣಕಿದಳು. "ಬಾಲ ಎಲ್ಲಿ?"

"ಕಸ್ಟಮ್ಸ್‌ನೋರು ಇಟ್ಕೊಂಡ್ರು ಕಣೇ. ವಾಪಸ್ ಹೋಗುವಾಗ ಕೊಡ್ತಾರಂತೆ."

ನಕ್ಕೆವು. ಬೆಟ್ಟದೂರಿಗೆ ಹೋಗುವ ರೈಲಿನಲ್ಲಿಯೂ ನಗುತ್ತಲೇ ಇದ್ದೆವು. ಆದರೆ ತಿರುವು ಬಂದಾಗಲೆಲ್ಲ ಅವಳ ಕೈ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಿತ್ತು. ನಾವಿಬ್ಬರೂ ಅದನ್ನು ನೋಡಿದೆವು. ನೋಡಿ ಕಿಟಕಿಯ ಕಡೆ ತಿರುಗಿದೆವು.

ಮರುದಿನ ಬೆಳಿಗ್ಗೆ ತಂಗಿದ್ದ ಮನೆಯ ವರಾಂಡದಲ್ಲಿ ಟೀ, ಹರಟೆ ಮುಗಿಸಿ ಚಹಾ ತೋಟದ ನಡುವಿನ ದಾರಿಯಲ್ಲಿ ಹೊರಟೆವು. ಗಿಡಗಳ ಮೇಲೆ ಮಂಜು ಹರಡಿತ್ತು, ಯಾರೋ ಒಗೆದು ಹಿಂಡದೆ ಹಾಕಿದ ಬಟ್ಟೆಯಂತೆ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಮುಂದೆ, ಅವಳು ನಡುವೆ, ನಾನು ಹಿಂದೆ. ಅವಳನ್ನು ಗಾಜಿನ ಪಾತ್ರೆಯ ಹಾಗೆ ನಡೆಸಿಕೊಂಡು ಹೋದೆವು.

"ಹುಷಾರು, ಕಲ್ಲಿದೆ," ಎಂದು ಅವನು.

"ಮೆಲ್ಲಗೆ. ಈ ಕಡೆ ಕಾಲಿಡು," ಎಂದು ನಾನು.

"ಜಾರತ್ತೆ ಹುಷಾರು."

"ಕೈ ಕೊಡು ಬೇಕಾದ್ರೆ."

ತೋಟ ಮುಗಿದು ಕಲ್ಲಿನ ಮೆಟ್ಟಿಲು ಶುರುವಾಗುವ ಕಡೆ, ಒಂದು ಪಕ್ಕ ಇಳಿಜಾರು ತೆರೆದುಕೊಂಡಿತು. ಅವಳು ತನ್ನ ಪಾದಗಳನ್ನೇ ನೋಡುತ್ತಾ ನಿಂತಳು, ಆಮೇಲೆ ಮೆಲ್ಲಗೆ ಕೂತುಬಿಟ್ಟಳು. ನಮ್ಮ ಪಕ್ಕದಲ್ಲೇ ಒಂದು ಸಂಸಾರ ದಾಟಿ ಹೋಯಿತು. ಅಪ್ಪನ ಹೆಗಲ ಮೇಲೆ ಕೂಸು, ಹಿಂದೆ ಕೊಡೆ ಊರಿಕೊಂಡು ಅಜ್ಜಿ.

"ಅಜ್ಜೀನೂ ಹೋದ್ರು ನೋಡೋ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಆಗಲ್ಲ. ಕರ್ಕೊಂಡು ಹೋಗಿ ನನ್ನ, ಕೆಳಗೆ," ಎಂದಳು.

ಗೆಳೆಯ ನನ್ನ ಮುಖ ನೋಡಿದ. ನಾವು ಮಾಡುತ್ತಿದ್ದ ತಪ್ಪು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಬಂಡೆಯ ಮೇಲೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಹತ್ತುತ್ತಿರುವವರಿಗೆ ಕೆಳಗಿನಿಂದ ಯಾರೂ ಹುಷಾರು ಎನ್ನುವಂತಿರಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಕಣ್ಣು ಕಾಲಿನ ಕಡೆ ಹೋಗುತ್ತದೆ, ಕಾಲು ನಡುಗುತ್ತದೆ. ಅದರ ಬದಲು ಹಗ್ಗ ಹಿಡಿದವರು ಅಡುಗೆಯ ವಿಚಾರ ಕೇಳಬೇಕು: ಇವತ್ತು ಏನು ಸಾರು, ಬೇಳೆ ಎಷ್ಟು ಬೆಂದಿತ್ತು, ಒಗ್ಗರಣೆಗೆ ಏನು ಹಾಕಿದ್ದು. ಮೇಲಿರುವವರು ಅರ್ಧಂಬರ್ಧ ಹೇಳದೆ ಪೂರ್ತಿ ಉತ್ತರ ಕೊಡಬೇಕು. ಉತ್ತರ ಬರುತ್ತಿರುವವರೆಗೂ ಚಿಂತೆಯಿಲ್ಲ, ಕೈಕಾಲು ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತವೆ. ಮಾತು ನಿಂತರೆ ಹಗ್ಗ ಬಿಗಿ ಮಾಡುವುದು. ಇದನ್ನೆಲ್ಲ ನಮಗೆ ಕಲಿಸಿದ್ದೇ ಅವಳು. ಅವಳ ಮುಂದೆಯೇ ನಾವಿಬ್ಬರೂ ಬೆಳಗಿನಿಂದ ಆ ಒಂದು ಮಾತನ್ನೇ ಜಪಿಸುತ್ತಾ ಬಂದಿದ್ದೆವು.

ಗೆಳೆಯ ಅವಳ ಕಡೆ ತಿರುಗಿದ. "ಅಲ್ಲ ಕಣೇ, ನಿನ್ನೆ ಊಟಕ್ಕೆ ಅದೊಂದು ಸೊಪ್ಪು ಬಡಿಸಿದ್ರಲ್ಲ, ಕಾಯಿತುರಿ ಹಾಕಿ. ಅದ್ಯಾವ ಪಲ್ಯ?"

ಅವಳು ತಲೆಯೆತ್ತಿ ನೋಡಿದಳು. "ನಾಟಕ ಆಡ್ಬೇಡ."

"ಕೇಳಿದ್ದಕ್ಕೆ ಹೇಳು."

ಕೆಳಗೆ ತೋಟದಲ್ಲಿ ಎಲೆ ಕೀಳುವ ಹೆಂಗಸರ ಮಾತು ಮಂಜಿನೊಳಗಿಂದ ಬರುತ್ತಿತ್ತು, ಮುಖಗಳು ಕಾಣುತ್ತಿರಲಿಲ್ಲ.

"ಪಲ್ಯ ಅಲ್ಲ ಅದು. ಬೇಯ್ಸೋದೇ ಇಲ್ಲ," ಎಂದಳು ಕೊನೆಗೆ. "ನಮ್ಮ ಒಂದೆಲಗ ಕಣೋ. ಸಣ್ಣಗೆ, ಅಂದ್ರೆ ದಾರದಷ್ಟು ಸಣ್ಣಗೆ ಹೆಚ್ಚಬೇಕು."

"ಅದಕ್ಕೆ ಈರುಳ್ಳಿ?"

"ಸಾಂಬಾರ್ ಈರುಳ್ಳಿ. ಹಸಿಮೆಣಸಿನಕಾಯಿ." ಕೈಯೂರಿ ಎದ್ದಳು. "ಕಾಯಿ ತುರಿದ ತಕ್ಷಣ ಹಾಕಬೇಕು."

"ನಿಂಬೆಹಣ್ಣು ಹಿಂಡಿದ್ರೆ ಸೊಪ್ಪು ಕಪ್ಪಾಗಲ್ವಾ?" ನಾನು ಹಿಂದಿನಿಂದ ಕೇಳಿದೆ. ನನಗೆ ನಿಜಕ್ಕೂ ಗೊತ್ತಾಗಬೇಕಿತ್ತು.

"ಕೊನೇಗೆ ಹಿಂಡೋದು ಕಣೇ, ಬಡಿಸೋ ಹೊತ್ತಿಗೆ. ಇಷ್ಟು ವರ್ಷ ಅಡುಗೆ ಮಾಡಿ ಅದೂ ಗೊತ್ತಿಲ್ವಾ ನಿಂಗೆ?"

ಬೈಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದೆವು. ಒಂದೆಲಗದಿಂದ ಅವಳ ಕಾರ್ಖಾನೆಯ ಕ್ಯಾಂಟೀನಿನ ಅನ್ನಕ್ಕೆ ಹೋದೆವು, ಅಲ್ಲಿಂದ ಹಲಸಿನಕಾಯಿಯ ಹುಳಿಗೆ, ಅಲ್ಲಿಂದ ಮಸ್ಕತ್ತಿನ ಅವನ ರೂಮಿನ ಸೀದ ಉಪ್ಪಿಟ್ಟಿಗೆ. ಮಂಜು ಬಂದು ನಮ್ಮನ್ನು ಮುಚ್ಚುತ್ತಿತ್ತು, ಸರಿಯುತ್ತಿತ್ತು. ಮುಚ್ಚಿದಾಗ ಅವಳ ದನಿಯೊಂದೇ ಮುಂದೆ ಹೋಗುತ್ತಿತ್ತು, ನಾನು ಅದರ ಹಿಂದೆ. ಯಾವ ಊರು, ಯಾವ ವರ್ಷ ಎನ್ನುವುದು ನನಗೆ ಆಗಾಗ ಮರೆತುಹೋಗುತ್ತಿತ್ತು. ಬೆನ್ನ ಮೇಲೆ ಚಿತ್ರಾನ್ನದ ಬಿಸಿ ತಾಗಿದಂತೆಯೂ ಆಯಿತು.

ತುದಿಗೆ ಇನ್ನು ಸ್ವಲ್ಪವೇ ಇತ್ತು. ಅಲ್ಲಿ ದಾರಿ ಕಿರಿದಾಗಿ ಎರಡೂ ಕಡೆ ಕಣಿವೆ ಕಾಣುತ್ತದೆ. ಗಾಳಿ ಬೀಸಿತು. ಅವಳು ಏನೋ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. ಬಿಗಿ ಮಾಡಲು ನನ್ನ ಕೈಯಲ್ಲಿ ಹಗ್ಗವಿರಲಿಲ್ಲ. ಅವನೂ ನಾನೂ ಇದ್ದಲ್ಲೇ ನಿಂತೆವು. ಅವಳು ಪಕ್ಕದ ಬಂಡೆಯನ್ನು ಹಿಡಿದು ಅದರ ಮೇಲೆ ಕೂತಳು.

"ಇಷ್ಟು ಸಾಕು," ಎಂದಳು.

ತುದಿಯಿಂದ ಕೂಸಿನ ನಗು ಕೇಳಿಸುತ್ತಿತ್ತು. ನಾವು ಅವಳ ಎರಡೂ ಪಕ್ಕ ಕೂತೆವು. ಮೇಲೆ ಹೋಗಿ ಬರುತ್ತೇವೆ ಎಂದು ಇಬ್ಬರೂ ಹೇಳಲಿಲ್ಲ. ಇಷ್ಟು ಸಾಕು ಎಂದರೆ ಇನ್ನು ಎಂದಿಗೂ ಸಾಕು ಎಂದೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಕಿತ್ತಳೆ ಸುಲಿದು ತೊಳೆಗಳನ್ನು ಬಿಡಿಸಿ ಕೊಟ್ಟೆ. ಮೂವರೂ ತಿಂದೆವು. ಕಣಿವೆಯಲ್ಲಿ ಮೋಡವೊಂದು ತನ್ನ ನೆರಳನ್ನು ಎಳೆದುಕೊಂಡು ತೋಟದಿಂದ ತೋಟಕ್ಕೆ ಹೋಗುವುದನ್ನು ನೋಡುತ್ತಾ ಕೂತೆವು.

"ನಿನ್ ಫ್ಲೈಟ್ ಯಾವತ್ತು?" ಎಂದು ನನ್ನನ್ನು ಕೇಳಿದಳು.

"ಇನ್ನೂ ನಾಲ್ಕು ದಿನ ಇದೆ."

"ನಿಂದು?"

"ನಂದೂ ಅಷ್ಟೇ," ಎಂದ ಗೆಳೆಯ.

"ಹಂಗಾದ್ರೆ ನಾಳೆ ಗಾಳಿ ಏಳೋಕೆ ಮುಂಚೆ ಇಲ್ಲಿರ್ಬೇಕು. ಇವತ್ತಿನ ಥರ ಇಬ್ರೂ ಟೀ ಹಿಡ್ಕೊಂಡು ವರಾಂಡದಲ್ಲಿ ಹರಟ್ತಾ ಕೂತ್ರೆ ಬಿಟ್ಟು ಬಂದ್ಬಿಡ್ತೀನಿ, ಹೇಳಿದೀನಿ."

"ಆಯ್ತು ಮೇಡಂ," ಎಂದ ಅವನು.

ಅವಳು ಎದ್ದು, ಒಂದು ಕೈಯನ್ನು ಬಂಡೆಯ ಮೇಲಿಟ್ಟುಕೊಂಡೇ ನಮ್ಮಿಬ್ಬರನ್ನೂ ದಾಟಿ, ಇಳಿಯುವ ದಾರಿಯಲ್ಲಿ ಮುಂದೆ ಹೋಗಿ ನಿಂತಳು.