ಬಹಾದ್ದೂರನ ಮನೆಯ ಅನ್ನ

ನೇಪಾಳದ ಊಟಕ್ಕೆ ಮೊದಲ ಸಲ ಹೊರಟವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಖಾರವೋ, ಸಪ್ಪೆಯೋ? ನಾಲಿಗೆಯ ಚಿಂತೆ ಆಮೇಲಿರಲಿ ಸ್ವಾಮಿ, ಮೊದಲು ಕಾಲು ಎಲ್ಲಿಡುತ್ತೀರೆಂದು ನೋಡಿಕೊಳ್ಳಿ, ಎನ್ನುತ್ತೇನೆ. ಇಡೀ ದಾಂಡೇಲಿಯಲ್ಲಿ ಈ ವಿಷಯದ ಏಕಮೇವ ಪಂಡಿತ ನಾನು. ನನ್ನ ಸಮಗ್ರ ವ್ಯಾಸಂಗವೆಂದರೆ ಒಂದು ಮಧ್ಯಾಹ್ನದ ಒಂದು ಊಟ.

ನಾನು ಕಾಗದದ ಕಾರ್ಖಾನೆಯ ಗುಮಾಸ್ತ, ಬಹಾದ್ದೂರ ಅಲ್ಲಿಯ ಗೇಟಿನ ಕಾವಲುಗಾರ. ಊರಿಂದ ತಾಯಿಯನ್ನು ಕರೆತರಲು ಅವನಿಗೆ ರಜೆಯ ಅರ್ಜಿ ಬರೆದುಕೊಟ್ಟೆನೆಂಬ ಅಲ್ಪ ಕಾರಣಕ್ಕೆ ಆ ಪುಣ್ಯಾತ್ಮ ನಮ್ಮನ್ನು, ಗಂಡಹೆಂಡಿರಿಬ್ಬರನ್ನೂ, ಊಟಕ್ಕೆ ಕರೆದ. ಕರೆದವನ ಎದುರು ನಕ್ಕು ಒಪ್ಪಿದೆ, ಮನೆಗೆ ಬಂದು ಲೆಕ್ಕ ಹಾಕತೊಡಗಿದೆ. ಅವರು ಏನು ತಿನ್ನುತ್ತಾರೋ, ಯಾವ ಪಾತ್ರೆಯಲ್ಲಿ ಏನು ಬೇಯಿಸಿದ್ದಾರೋ! ಜಾತಿಭೇದವೇ ಸಲ್ಲದೆಂದು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲೆ, ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವನ ಔದಾರ್ಯ ಅಡುಗೆಮನೆಯ ಬಾಗಿಲಲ್ಲಿ ತಟ್ಟನೆ ತಗ್ಗುತ್ತದೆ. ಕೊನೆಗೆ ಒಂದು ಸುಳ್ಳನ್ನು ಸಿದ್ಧಪಡಿಸಿಕೊಂಡೆ: ಉಳವಿಯ ಗುಡಿಗೆ ಹರಕೆ ಹೊತ್ತಿದ್ದೇನೆ, ಇಂದು ಉಪವಾಸ.

ಒಂದೇ ಕೋಣೆಯ ಮನೆ. ಮೂಲೆಯಲ್ಲಿ ಒಲೆ, ಅದರ ಸುತ್ತ ಕೆಮ್ಮಣ್ಣು ಬಳಿದು ಬೆರಳೆತ್ತರದ ಏರಿ ಕಟ್ಟಿದ್ದರು. ಒಳಗೆ ಬಹಾದ್ದೂರನ ಮುದಿ ತಾಯಿ ಒಂದೇ ಬಿಳಿ ಬಟ್ಟೆ ಉಟ್ಟು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಬೇಯಿಸುತ್ತಿದ್ದಳು. ಪಕ್ಕದಲ್ಲಿ ಅವಳ ಕಂಚಿನ ತಾಟು ತೊಳೆದು ಸಿದ್ಧವಿತ್ತು, ಗೋಡೆಯ ಮೊಳೆಗೆ ಬರಿದಾದ ಅಕ್ಕಿಚೀಲ ಮಡಚಿ ನೇತುಹಾಕಿದ್ದರು. ಕಂಬಳಿಯ ಮೇಲೆ ಕುಳಿತ ನನ್ನ ದೃಷ್ಟಿಯೆಲ್ಲ ಬಟ್ಟಲೊಂದರಲ್ಲಿದ್ದ ಕಪ್ಪನೆಯ ಎಳೆಗಳ ಮೇಲೆ. ಮಾಂಸವೇ ಇರಬೇಕು! ಸುಳ್ಳು ಗಂಟಲಿಗೆ ಬಂತು.

ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜೆ ಎದ್ದಳು. ಅವಳ ತವರು ಹಳಿಯಾಳದ ಕಡೆಯ ಹಳ್ಳಿ. ಅಲ್ಲಿ ಹಿರಿಯಳೊಬ್ಬಳು ಒಲೆಯ ಮುಂದೆ ಬೇಯುವಾಗ ಬಂದ ಹೆಣ್ಣುಮಗಳು ಗಂಡಸರ ಸಾಲಿನಲ್ಲಿ ಕುಳಿತರೆ ಅವಳ ಸೊಕ್ಕಿನ ಸುದ್ದಿ ಮೂರು ಓಣಿ ದಾಟುತ್ತದೆ. "ಬಿಡ್ರಿ ಅವ್ವಾ, ಭಾಳ ದಣದೀರಿ. ನಾ ನೀಡತೇನಿ," ಎಂದವಳೇ ಸೆರಗು ಸಿಕ್ಕಿಸಿ, ಏರಿ ದಾಟಿ, ಸೌಟನ್ನು ಅನ್ನದ ಪಾತ್ರೆಗೆ ಹಾಕಿಯೇಬಿಟ್ಟಳು.

ಮುದುಕಿಯ ಕೈ ನಿಂತಿತು. ಬಹಾದ್ದೂರನ ಮುಖ ಕಪ್ಪಿಟ್ಟಿತು. ಮುದುಕಿಯ ಆ ನೋಟ ನನಗೆ ಗೊತ್ತಿತ್ತು. ಹೊರಗಿನವರು ನೀರಿನ ಕೊಡ ಮುಟ್ಟಿದಾಗ ನನ್ನ ಅಜ್ಜಿಯ ಕಣ್ಣಲ್ಲಿ ಅದನ್ನೇ ಕಂಡಿದ್ದೆ. ಅವರ ಅನ್ನದಿಂದ ನಾವು ಕೆಡುತ್ತೇವೆಂದು ದಾರಿಯುದ್ದಕ್ಕೂ ಹೆದರಿ ಬಂದಿದ್ದೆ. ನಮ್ಮ ಕೈಯಿಂದ ಅವರ ಅನ್ನ ಕೆಟ್ಟಿತ್ತು.

ಮುದುಕಿ ಬರಿದಾದ ಅಕ್ಕಿಚೀಲದತ್ತ ಒಮ್ಮೆ ನೋಡಿ, ತನ್ನ ತಾಟನ್ನು ಬೋರಲು ಹಾಕಿದಳು. ಗಿರಿಜೆಯತ್ತ ನಕ್ಕು, "ವ್ರತ, ವ್ರತ," ಎಂದಳು.

"ಅಮ್ಮಾಗೆ ವ್ರತ ಐತಿ ಸಾಬ್, ನೀವು ಊಟ ಮಾಡ್ರಿ," ಎಂದ ಬಹಾದ್ದೂರ, ನನ್ನತ್ತ ನೋಡದೆ.

ನಾನು ತಂದಿದ್ದ ಸುಳ್ಳು ಅವಳ ಬಾಯಿಂದ ಬಂತು. ನಾನದನ್ನು ಹೇಳಿದ್ದರೆ ಅವಳ ಊಟವನ್ನು ಅವಮಾನಿಸಲು ಹೇಳುತ್ತಿದ್ದೆ. ಅವಳು ಹೇಳಿದ್ದು ನನ್ನ ಹೆಂಡತಿಯ ಮಾನ ಉಳಿಸಲು. ಇನ್ನು ನಾನು ಉಣ್ಣದೆ ಏಳುವಂತಿರಲಿಲ್ಲ.

ಉಂಡೆ. ಕುತೂಹಲಿಗಳಿಗೆ ಹೇಳುತ್ತೇನೆ: ನೇಪಾಳದ ಊಟವೆಂದರೆ ರಾಶಿ ಅನ್ನ, ತೆಳ್ಳನೆಯ ಬೇಳೆಸಾರು, ಒಂದು ಪಲ್ಯ, ಎಳ್ಳು ಅರೆದ ಮೂಲಂಗಿಯ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಹಾಕುವ ಕಾಳು ಜೊಯಿಡಾ ಕಡೆಯ ಕೊಂಕಣಿಗರ ತಿರ್ಫಳದ ದಾಯಾದಿ, ನಾಲಿಗೆಯನ್ನು ಜುಮ್ಮೆನ್ನಿಸುತ್ತದೆ. ಆ ಕಪ್ಪು ಎಳೆಗಳು ಗುಂಡ್ರುಕ್: ಸಾಸಿವೆ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿದ್ದು, ಅಪ್ಪಟ ಸೊಪ್ಪು. ರುಚಿ ಚೆನ್ನಾಗಿಯೇ ಇತ್ತು, ಆದರೆ ಬೆಳಗಿನಿಂದ ಹಸಿದಿದ್ದ ಆ ಜೀವ ಎದುರಿಗೆ ಕುಳಿತು ಮತ್ತೆ ಮತ್ತೆ ನೀಡಿಸುತ್ತಿದ್ದಾಗ ಒಂದೊಂದು ತುತ್ತಿಗೂ ಆ ಬೋರಲು ತಾಟನ್ನೇ ನೋಡುತ್ತಿದ್ದೆ.

ದಾರಿಯಲ್ಲಿ ಗಿರಿಜೆ, "ವ್ರತ ಹಿಡದೂ ನಮಗ ಇಷ್ಟು ಅಡಿಗಿ ಮಾಡ್ಯಾರ ನೋಡ್ರಿ, ಎಂಥಾ ತಾಯಿ!" ಎಂದಳು. ಸುಮ್ಮನಿರಬಹುದಿತ್ತು. ಆಗಲಿಲ್ಲ, ಎಲ್ಲ ಹೇಳಿದೆ. ಅವಳು ನಡುರಸ್ತೆಯಲ್ಲೇ ನಿಂತಳು.

"ಅಲ್ಲೇ ಯಾಕ ಹೇಳಲಿಲ್ಲ? ಆ ಮುದುಕಿ ಉಪಾಸ ಇರಲಿ ಅಂತ ಬಿಟ್ಟು ಬಂದ್ರ್ಯಾ?"

ಮನೆಗೆ ಬಂದವಳೇ ಮೊರ ತೆಗೆದು ತವರಿನ ಅಕ್ಕಿ ಸುರಿದಳು, ಪಕ್ಕಕ್ಕೆ ಬೇಳೆ, ಉಪ್ಪು ಇಟ್ಟಳು. ಬೇಯದ ಕಾಳಿಗೆ ಯಾರ ಮೈಲಿಗೆಯೂ ಇಲ್ಲವೆಂಬುದು ಅವಳಿಗೂ ಗೊತ್ತು, ಹಿಮಾಲಯದ ಬುಡದ ಆ ಮುದುಕಿಗೂ ಗೊತ್ತಿರಬೇಕು. ಬರುತ್ತೇನೆಂದ ನನ್ನನ್ನು, "ನೀವು ಬ್ಯಾಡ್ರಿ," ಎಂದು ತಡೆದು ಒಬ್ಬಳೇ ಹೋದಳು.

ನಾನು ಕಟ್ಟೆಯ ಮೇಲೆ ಕುಳಿತೆ. ಕಾರ್ಖಾನೆಯ ಸಂಜೆಯ ಸೈರನ್ ಕೂಗಿತು, ದೀಪ ಹಚ್ಚುವ ಹೊತ್ತಾಯಿತು. ಅಕ್ಕಿ ಹಿಂದಕ್ಕೆ ಬಂದರೆ? ಎದ್ದು ನಿಂತೆ, ಮತ್ತೆ ಕುಳಿತೆ. ಕೊನೆಗೆ ತಿರುವಿನಲ್ಲಿ ಗಿರಿಜೆ ಕಂಡಳು, ಬರಿ ಮೊರ ಬಗಲಲ್ಲಿತ್ತು.

"ಒಳಗ ಹೋದ್ಯೇನು?"

"ಇಲ್ರೀ. ಹೊಸ್ತಿಲ ಹೊರಗ ಕುಂತಿದ್ದೆ. ಒಲಿ ಸಾರಿಸಿ, ಮತ್ತ ಮೈತೊಳಕೊಂಡು, ಅನ್ನಕ್ಕ ಇಟ್ರು. ಕಡೀ ತುತ್ತಿನ ತನಕ ಅಲ್ಲೇ ಇದ್ದೆ." ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಉಂಡ್ರು."